ದ್ವೇಷ ಬೇಡ ಅಂತ ಮನೆ ಬಿಟ್ಟ ಮಗಳಿಗೆ ತಾಯಿ ಮೊದಲ ಪತ್ರ ಬರೆಯುವುದು ಹೇಗೆ

ಮೊದಲ ಪತ್ರದಲ್ಲಿ "ಆದರೆ" ಇರಬಾರದು. ನನ್ನ ಮೊದಲ ಕರಡು ಒಂದೂವರೆ ಪುಟ ಇತ್ತು. ಅದರಲ್ಲಿ ಏಳು "ಆದರೆ" ಇದ್ದವು. ಎಣಿಸಿದ್ದು ನನ್ನ ತಂಗಿ. ಪೆನ್ಸಿಲ್ ತಗೊಂಡು ಒಂದೊಂದಕ್ಕೂ ಸುತ್ತು ಹಾಕಿ, "ಅಕ್ಕಾ, ಇದು ಕ್ಷಮೆ ಕೇಳೋ ಪತ್ರನಾ, ವಕೀಲರ ನೋಟಿಸಾ?" ಅಂದಳು.

ಪತ್ರದ ಮಾತಿಗೆ ಆಮೇಲೆ ಬರುತ್ತೇನೆ. ಯಾಕೆಂದರೆ ಪತ್ರಕ್ಕೂ ಮೊದಲು ಮಾಡುವ ಕೆಲಸ ಜಾಸ್ತಿ ಉಂಟು.

ನಮ್ಮದು ಸೋಮವಾರಪೇಟೆ ಕಡೆ. ಆರು ಎಕರೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು, ಸ್ವಲ್ಪ ಗದ್ದೆ. ನಮ್ಮನೆಯವರು ಇಪ್ಪತ್ತು ವರ್ಷದಿಂದ ಒಂದು ಸಂಘಟನೆಯಲ್ಲಿದ್ದಾರೆ. ಮೊದಮೊದಲು ಭಜನೆ, ಗಣಪತಿ ಕೂರಿಸುವುದು ಅಷ್ಟೇ ಇತ್ತು. ಆಮೇಲೆ ಯಾರ ಅಂಗಡಿಗೆ ಹೋಗಬಾರದು ಅನ್ನುವ ಪಟ್ಟಿ ಬಂತು. ಅದನ್ನು ನಾನೇ ಫ್ರಿಜ್ ಮೇಲೆ ಅಂಟಿಸಿದ್ದೆ. ಆಮೇಲೆ ಬಸ್ಸಿನಲ್ಲಿ ಯಾವ ಹುಡುಗಿ ಯಾವ ಹುಡುಗನ ಪಕ್ಕ ಕೂತಿದ್ದಾಳೆ ಅಂತ ನೋಡುವ ಕೆಲಸ ಶುರುವಾಯಿತು. ನಮ್ಮ ಕಣದಲ್ಲಿ ಮೀಟಿಂಗ್ ಆದರೆ ನಲವತ್ತು ಲೋಟ ಕಾಫಿ ನನ್ನ ಲೆಕ್ಕ. ನಾನು ಯಾರಿಗೂ ಹೊಡೆದಿಲ್ಲ, ಕಾಫಿ ಮಾಡಿದ್ದೇನೆ ಅಷ್ಟೇ ಅಂತ ತುಂಬಾ ದಿನ ಅಂದುಕೊಂಡಿದ್ದೆ.

2021ರ ಡಿಸೆಂಬರ್. ಅರೇಬಿಕಾ ಕುಯ್ಲಿನ ಸಮಯ. ಪೇಟೆಯಿಂದ ಬರುವಾಗ ಬಸ್ಸಿನಲ್ಲಿ ಎರಡು ಸೀಟು ಮುಂದೆ ಮಗಳ ಗೆಳತಿ ಕೂತಿದ್ದಳು, ನಮ್ಮ ಪಕ್ಕದ ಮನೆ ಹುಡುಗಿ. ಅವಳ ಪಕ್ಕ ನಮ್ಮ ಮೆಣಸು ಕೊಳ್ಳುವವರ ಮಗ. ಆ ವ್ಯಾಪಾರಿಯನ್ನು ಮಗಳು ಚಿಕ್ಕಂದಿನಿಂದ ಕಾಕ ಅಂತಲೇ ಕರೆಯುತ್ತಿದ್ದಳು. ಮೂವರೂ ಪಿಯುಸಿಯಲ್ಲಿ ಒಂದೇ ಕ್ಲಾಸಿನಲ್ಲಿ ಓದಿದವರು. ನಾನು ಫೋಟೋ ತೆಗೆದೆ. ಸಂಘಟನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂರು ಸ್ಟಾಪ್ ದಾಟುವಷ್ಟರಲ್ಲಿ ಹುಡುಗರು ಬಸ್ ಅಡ್ಡಹಾಕಿದರು. ಅವನ ಕೈ ಮುರಿಯಿತು. ಅವಳನ್ನು ಮನೆಯವರು ಕಾಲೇಜು ಬಿಡಿಸಿದರು.

ಸಂಜೆ ಮಗಳು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅವ್ವ, ನೀನಾ?" ಅಂದಳು. ಅಲ್ಲ ಅಂದೆ. ಫೋಟೋದ ಮೂಲೆಯಲ್ಲಿ ನನ್ನ ಹಸಿರು ವಯರ್ ಬ್ಯಾಗಿನ ಹಿಡಿ ಕಾಣುತ್ತಿತ್ತು. ಅವಳೇ ಹೆಣೆದು ಕೊಟ್ಟಿದ್ದ ಬ್ಯಾಗು. ಮುಂದಿನ ವಾರ ಬೆಂಗಳೂರಿಗೆ ಹೋದವಳು ಹಿಂದಿರುಗಲಿಲ್ಲ. ಇಪ್ಪತ್ತೆರಡು ವರ್ಷ ಆಗಿತ್ತು ಅವಳಿಗೆ.

ನಿಮ್ಮ ಕಥೆ ಬೇರೆ ಇರಬಹುದು. ಮಗ ಇರಬಹುದು. ನಿಮ್ಮ ಧರ್ಮ ಬೇರೆ, ಗುಂಪು ಬೇರೆ ಇರಬಹುದು. ಮಗುವಿಗೆ ಹೇಸಿಗೆ ಬಂದದ್ದು ಯಾವುದರಿಂದ ಅನ್ನುವುದು ಮಾತ್ರ ಎಲ್ಲರಿಗೂ ಒಳಗೆ ಗೊತ್ತಿರುತ್ತದೆ. "ಯಾಕೆ ಹೋದಳೋ ಏನೋ" ಅನ್ನುವುದು ಊರವರಿಗೆ ಹೇಳುವ ಮಾತು.

ಇವನ್ನು ಮಾಡಬೇಡಿ, ನಾನು ಎಲ್ಲವನ್ನೂ ಮಾಡಿದ್ದೇನೆ

ಹುಡುಕಿಕೊಂಡು ಹೋಗಬೇಡಿ. ಕೊಡಗಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಬೆಳಗಿನ ಜಾವ ಇಳಿದು, ಯಾರದೋ ಕೈಕಾಲು ಹಿಡಿದು ಪಡೆದ ವಿಳಾಸ ಹಿಡಿದು ಪಿಜಿ ಗೇಟಿನ ಮುಂದೆ ನಿಂತೆ. ಚೀಲದಲ್ಲಿ ಕಡುಬು, ಹಂದಿ ಸಾರು. ಅವಳು ಕೆಳಗೆ ಇಳಿಯಲಿಲ್ಲ. ಮೂರು ದಿನಕ್ಕೆ ಪಿಜಿಯನ್ನೇ ಬದಲಾಯಿಸಿದಳು. ಬಂದದ್ದು ನಾನೊಬ್ಬಳೇನಾ, ನನ್ನ ಹಿಂದೆ ಆ ಹುಡುಗರೂ ಇದ್ದಾರಾ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನನಗೆ ಅದು ಹೊಳೆಯಲು ಒಂದು ವರ್ಷ ಬೇಕಾಯಿತು.

ಕಾಣೆಯಾಗಿದ್ದಾಳೆ ಅಂತ ದೂರು ಕೊಡಬೇಡಿ. ನಾವು ಕೊಟ್ಟೆವು. ಪೊಲೀಸರು ಫೋನ್ ಮಾಡಿದರು, ನನ್ನ ಇಷ್ಟದಿಂದ ಬಂದಿದ್ದೇನೆ ಅಂದಳು, ಮುಗಿಯಿತು. ಹದಿನೆಂಟು ದಾಟಿದ ಮೇಲೆ ಎಲ್ಲಿರಬೇಕು, ಯಾರ ಜೊತೆ ಇರಬೇಕು ಅನ್ನುವುದು ಅವರ ತೀರ್ಮಾನ. 2018ರಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಹೇಳಿದೆ. ಆ ತೀರ್ಪು ಬಂದಾಗ ನಾನು ಗ್ರೂಪಿನಲ್ಲಿ ಬೈದಿದ್ದೆ.

ಕಾಯಿಲೆ ಹೇಳಿ ಕರೆಯಬೇಡಿ. "ಅಪ್ಪನಿಗೆ ಬಿಪಿ ಜಾಸ್ತಿಯಾಗಿದೆ, ನಾನು ಸತ್ತ ಮೇಲೆ ಬಾ." ಒಂದು ಸಲಕ್ಕೆ ಕೆಲಸ ಮಾಡುತ್ತದೆ. ನಾಳೆ ನಿಜವಾಗಿ ಕಾಯಿಲೆಯಾದಾಗ ನಂಬುವವರು ಇರುವುದಿಲ್ಲ.

ವಾಟ್ಸಾಪ್ ಸ್ಟೇಟಸ್ ಹಾಕಬೇಡಿ. ಗುಲಾಬಿ ಹೂ, ದೀಪ, ಮಧ್ಯದಲ್ಲಿ "ತಾಯಿಯ ಕಣ್ಣೀರಿಗೆ ಬೆಲೆಯಿಲ್ಲವೇ". ನೂರಾರು ಜನ ನೋಡಿದರು. ಅವಳು ನನ್ನನ್ನು ಬ್ಲಾಕ್ ಮಾಡಿ ಆಗಲೇ ಎರಡು ತಿಂಗಳಾಗಿತ್ತು.

ಸೋದರಮಾವನನ್ನು ಸಂಧಾನಕ್ಕೆ ಕಳಿಸುವುದು, ಗುರುಗಳ ಹತ್ತಿರ ಕರೆದುಕೊಂಡು ಹೋಗಿ "ತಲೆ ಸರಿ ಮಾಡಿಸುವುದು", ಇವೂ ಬೇಡ. ವಿವರಿಸುವುದಿಲ್ಲ, ನಂಬಿ.

ಮೊದಲು ನಿಮ್ಮ ಫೋನು

ಪತ್ರ ಬರೆಯುವ ಮೊದಲು ನನ್ನ ತಲೆ ಸ್ವಲ್ಪ ತೊಳೆಯಬೇಕಿತ್ತು. ಒಂದೇ ದಿನಕ್ಕೆ ಆಗುವ ಕೆಲಸ ಅಲ್ಲ. ಇವತ್ತಿಗೂ ಕೆಲವು ಭಯ ಒಳಗೇ ಉಂಟು, ಸುಮ್ನೆ ಪೂರ್ತಿ ಬದಲಾದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ನಾನು ಮಾಡಿದ್ದು ಇಷ್ಟು. ಕುಯ್ಲಿನ ಆಳುಗಳ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ತಿಂಗಳು ಗ್ರೂಪಿನ ಮೆಸೇಜ್ ಬರೆದಿಟ್ಟೆ. ಯಾವ ಊರು, ಏನಾಯಿತು, ಯಾರು ಕಳಿಸಿದ್ದು. ಅದರಲ್ಲಿ ನನಗೆ ಫೋನ್ ಮಾಡಿ ಕೇಳಲು ಆಗುವಂಥವು ನಾಲ್ಕೇ ಇದ್ದವು. ಒಂದು ಮೆಸೇಜಿನಲ್ಲಿ ತಂಗಿಯ ಊರಿನ ಜಾತ್ರೆಗೆ ಕಲ್ಲು ಬಿತ್ತು, ಹೆಂಗಸರು ಓಡಿಹೋದರು ಅಂತ ಇತ್ತು. ಫೋನ್ ಮಾಡಿದೆ. "ಯಾವ ಕಲ್ಲು? ನಾನು ಇಲ್ಲೇ ಕೂತು ಚುರುಮುರಿ ತಿಂತಿದ್ದೀನಿ" ಅಂದಳು. ನಾಲ್ಕರಲ್ಲಿ ಒಂದೂ ಇದ್ದ ಹಾಗೆ ಇರಲಿಲ್ಲ.

ಆಗ 2018ರದ್ದು ನೆನಪಾಯಿತು. ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ನಿಮಗೂ ಬಂದಿರುತ್ತದೆ. ನಾನು ಎಷ್ಟು ಜನಕ್ಕೆ ಕಳಿಸಿದೆನೋ ಲೆಕ್ಕ ಇಲ್ಲ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಎಚ್ಚರಿಸಲು ಮಾಡಿದ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುತ್ತಾರೆ. ಆ ಭಾಗ ಕತ್ತರಿಸಿ ಹಂಚಿದ್ದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಗುಂಪಿನ ಮೇಲೆ ಮಕ್ಕಳ ಕಳ್ಳರು ಅಂತ ಜನ ಬಿದ್ದರು. ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತೇಹೋದ. ಮಗಳು ಆಗಲೇ ಹೇಳಿದ್ದಳು, "ಅವ್ವ, ಕಳಿಸೋ ಮೊದಲು ಒಂದು ನಿಮಿಷ ನೋಡು" ಅಂತ. "ನಿನಗೆ ಎಂಥ ಗೊತ್ತು" ಅಂದಿದ್ದೆ.

ಒಂದು ಗುರುತು ಹೇಳಿಕೊಡುತ್ತೇನೆ. ಮೆಸೇಜಿನ ಮೇಲೆ ಎರಡು ಬಾಣ ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಆಗುವುದು. ಎರಡು ಬಾಣ ಕಂಡರೆ ನಾನೀಗ ಬೆರಳು ತೆಗೆಯುತ್ತೇನೆ.

ಗ್ರೂಪಿನಿಂದ ಹೊರಗೆ ಬಂದದ್ದು ಆ ತಿಂಗಳ ಕೊನೆಗೆ. ದೊಡ್ಡ ವಿದಾಯದ ಮೆಸೇಜ್ ಬರೆಯಬೇಡಿ. ಬರೆದರೆ ರಾತ್ರಿಯೆಲ್ಲ ಉತ್ತರ ಕೊಡುತ್ತಾ ಕೂರಬೇಕು.

ಈ ದಿನಗಳಲ್ಲಿ ನಿದ್ದೆ ಹೋಗುತ್ತದೆ. ಊರಲ್ಲಿ ಯಾರ ಹತ್ತಿರ ಹೇಳುವುದು? ಹೇಳಿದ್ದು ಸಂಜೆಗೆ ಭಾವನ ಮನೆ ತಲುಪುತ್ತದೆ. 14416 ಅಂತ ಒಂದು ನಂಬರ್ ಉಂಟು, ಟೆಲಿ ಮಾನಸ್. 2022ರಲ್ಲಿ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕಾಫಿ ಮೂಟೆ ಇಡುವ ಕೋಣೆಯಿಂದ ಮಾಡುತ್ತಿದ್ದೆ. ಆ ಕಡೆಯ ಹೆಣ್ಣುಮಗಳು ಉಪದೇಶ ಮಾಡಲಿಲ್ಲ. "ಮಗಳು ನಿಮ್ಮನ್ನು ಕೇಳಿದಾಗ ಏನು ಹೇಳಿದಿರಿ?" ಅಂತ ಎರಡು ಸಲ ಕೇಳಿದರು. ಎರಡನೇ ಸಲಕ್ಕೆ ನಿಜ ಹೇಳಿದೆ.

ಪತ್ರ

ಹವೆ, ಬೆಕ್ಕು, ತೋಟದ ಸುದ್ದಿಯಿಂದ ಶುರು ಮಾಡೋಣ, ಮೆಲ್ಲಗೆ ವಿಷಯಕ್ಕೆ ಬರೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಮೊದಲು ತಪ್ಪಿನ ಮಾತು ಆಗಬೇಕು. ಅದಕ್ಕೂ ಮುಂಚೆ ಬೆಕ್ಕಿನ ಸುದ್ದಿ ಹೇಳಿದರೆ ಏನೂ ಆಗಿಯೇ ಇಲ್ಲ ಅನ್ನುವ ನಾಟಕ ಆಗುತ್ತದೆ. ಮಕ್ಕಳಿಗೆ ಮೈ ಉರಿಯುವುದು ಅದಕ್ಕೇ.

ಮಾಡಿದ್ದನ್ನು ಹೆಸರು ಹಿಡಿದು ಬರೆಯಿರಿ. "ನನ್ನಿಂದ ಏನಾದರೂ ತಪ್ಪಾಗಿದ್ದರೆ" ಅಂತ ಬರೆಯಬೇಡಿ, ಆಗಿದೆಯಲ್ಲ! "ನಿನ್ನ ಮನಸ್ಸಿಗೆ ಬೇಜಾರಾಗಿದ್ದರೆ" ಅಂತಲೂ ಬೇಡ. ಅಪ್ಪ ಹೇಳಿದ್ದಕ್ಕೆ ಮಾಡಿದೆ ಅನ್ನಬೇಡಿ. ನಿನ್ನ ಒಳ್ಳೆಯದಕ್ಕೆ ಅನ್ನಬೇಡಿ. ಮನೆಗೆ ಬಾ ಅಂತ ಕರೆಯಬೇಡಿ. ಕರೆದರೆ ಕ್ಷಮೆ ಕೇಳಿದ್ದು ಅದಕ್ಕೇ ಅಂತ ಆಗುತ್ತದೆ.

ತಂಗಿಯ ಪೆನ್ಸಿಲ್ ಆಡಿದ ಮೇಲೆ ನನ್ನ ಪತ್ರದಲ್ಲಿ ಉಳಿದದ್ದು ಇಷ್ಟು:

"ಬಸ್ಸಿನಲ್ಲಿ ಆ ಫೋಟೋ ತೆಗೆದದ್ದು ನಾನು. ಗ್ರೂಪಿಗೆ ಹಾಕಿದ್ದೂ ನಾನೇ. ಹುಡುಗರು ಏನು ಮಾಡುತ್ತಾರೆ ಅಂತ ನನಗೆ ಗೊತ್ತಿತ್ತು. ನೀನು ಕೇಳಿದಾಗ ಸುಳ್ಳು ಹೇಳಿದೆ. ಅವನ ಕೈ ಮುರಿದದ್ದಕ್ಕೆ, ಅವಳ ಓದು ನಿಂತದ್ದಕ್ಕೆ ನಾನು ಕಾರಣ. ಈಗ ಆ ಗ್ರೂಪಿನಲ್ಲಿ ಇಲ್ಲ. ಇದಕ್ಕೆ ನೀನು ಉತ್ತರ ಬರೆಯಬೇಕು ಅಂತ ಇಲ್ಲ. ಅವ್ವ."

ಬರೆದದ್ದನ್ನು ಕಳಿಸುವುದು ಹೇಗೆ? ಮಗಳು ತಂಗಿಯ ಜೊತೆ ಮಾತಾಡುತ್ತಿದ್ದಳು. ಅಂಥವರೊಬ್ಬರು ಎಲ್ಲ ಕುಟುಂಬದಲ್ಲೂ ಇರುತ್ತಾರೆ. ಕವರ್ ಅಂಟಿಸಿ ಕೊಟ್ಟೆ. "ಇಂಥ ಪತ್ರ ಇದೆ, ಬೇಕಾ ಅಂತ ಮೊದಲು ಕೇಳು. ಬೇಕು ಅಂದರೆ ಮಾತ್ರ ಕೊಡು" ಅಂದೆ. ಎರಡು ತಿಂಗಳು ಬೇಡ ಅಂದಳು. ಮೂರನೇ ತಿಂಗಳು ತಗೊಂಡಳು. ಆಮೇಲೂ ನಲವತ್ತು ದಿನ ಸುದ್ದಿಯಿಲ್ಲ. ಕೊನೆಗೆ ತಂಗಿಯ ಫೋನಿಗೆ ಒಂದು ಮಾತು ಬಂತು: "ಸಿಕ್ಕಿತು ಅಂತ ಹೇಳಿ."

ವಿಳಾಸ ಕೇಳಬೇಡಿ. ತಂಗಿಗೂ ಅದನ್ನೇ ಹೇಳಿದ್ದೆ, ನನಗೆ ಹೇಳಬೇಡ ಅಂತ. ಗೊತ್ತಿಲ್ಲದಿದ್ದರೆ ಯಾರು ಬೈದರೂ, ಹೆದರಿಸಿದರೂ ನನ್ನ ಬಾಯಿಂದ ಬರುವುದಿಲ್ಲ ಅಲ್ವಾ. ಮನೆಯ ಗಂಡಸರಿಂದ ಅಥವಾ ಗುಂಪಿನಿಂದ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮನೆಗೆ ಬಾ ಅನ್ನುವ ಮಾತೇ ಎತ್ತಬೇಡಿ. ತುರ್ತಿಗೆ 112, ಹೆಣ್ಣುಮಕ್ಕಳಿಗೆ 181. ಎರಡೂ ನಂಬರ್ ತಂಗಿಯ ಮೂಲಕ ಅವಳಿಗೆ ತಲುಪಿಸಿದ್ದೆ.

"ಸಿಕ್ಕಿತು" ಬಂದ ಮೇಲೆ ಬೆಕ್ಕಿನ ಸುದ್ದಿ ಶುರು ಮಾಡಬಹುದು. ಹದಿನೈದು ದಿನಕ್ಕೊಂದು ಮೆಸೇಜ್, ಎರಡು ಸಾಲು. "ಮಳೆ ಜೋರುಂಟು. ಮೂರು ದಿನದಿಂದ ಕರೆಂಟಿಲ್ಲ." "ಕರಿ ಬೆಕ್ಕು ಪಲ್ಪರ್ ಶೆಡ್ಡಿನಲ್ಲಿ ಮರಿ ಹಾಕಿದೆ." ಪ್ರಶ್ನೆ ಇರಬಾರದು. ಊಟ ಆಯ್ತಾ ಅಂತ ಕೂಡ ಕೇಳಬೇಡಿ, ಪ್ರಶ್ನೆಗೆ ಉತ್ತರ ಕೊಡುವ ಸಾಲ ಅವಳ ತಲೆ ಮೇಲೆ ಬೀಳುತ್ತದೆ. ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ ಬಂದಾಗ ಒಂದು ಕಟ್ಟು ಮದ್ದುಸೊಪ್ಪು ತಂಗಿಯ ಹತ್ತಿರ ಕಳಿಸಿದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಮದ್ದು ಇರುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ರಾತ್ರಿ ಒಂದು ಫೋಟೋ ಬಂತು. ಪಿಜಿಯ ಚಿಕ್ಕ ಪಾತ್ರೆ, ನೇರಳೆ ಪಾಯಸ. ಅಡಿಬರಹ ಇರಲಿಲ್ಲ.

ಮನೆಯವರಿಗೆ ಹೇಳುವುದು

ಕದ್ದು ಮಾಡಬೇಡಿ. ಮೂರು ತಿಂಗಳು ಕದ್ದು ಮೆಸೇಜ್ ಮಾಡಿದೆ, ಪ್ರೀತಿ ಮಾಡುವ ಹುಡುಗಿಯ ಹಾಗೆ. ಫೋನ್ ಅಕ್ಕಿ ಡಬ್ಬಿಯಲ್ಲಿ. ಕೊನೆಗೆ ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ: "ಅವಳಿಗೆ ಮೆಸೇಜ್ ಮಾಡ್ತೀನಿ. ನಿಮ್ಮನ್ನು ಕೇಳ್ತಿಲ್ಲ, ಹೇಳ್ತಿದ್ದೀನಿ." ತಟ್ಟೆ ತಳ್ಳಿ ಎದ್ದುಹೋದರು. ಎರಡು ದಿನ ಭಾವನ ಮನೆಯಲ್ಲಿ ಊಟ. ಮೂರನೇ ದಿನ ಅಲ್ಲಿಯ ಸಾರು ಸಪ್ಪೆ ಅಂತ ವಾಪಸ್ ಬಂದರು. ಹೊಡೆಯುವ ಗಂಡನಿದ್ದರೆ ಈ ಹೆಜ್ಜೆ ಬಿಟ್ಟುಬಿಡಿ, ಅಕ್ಕಿ ಡಬ್ಬಿಯೇ ಇರಲಿ.

ಅವರನ್ನು ಬದಲಾಯಿಸಲು ನನಗೆ ಆಗಿಲ್ಲ. ವಾದ ಮಾಡಿದರೆ ಅವರೇ ಗೆಲ್ಲುತ್ತಾರೆ, ದಿನವೂ ಅದನ್ನೇ ಅಭ್ಯಾಸ ಮಾಡುವವರು. ಅಮೆರಿಕದ ಟೊಪೆಕಾ ಅನ್ನುವ ಊರಿನ ಮೇಗನ್ ಫೆಲ್ಪ್ಸ್ ರೋಪರ್ ಅನ್ನುವವಳ ಭಾಷಣವನ್ನು ತಂಗಿಯ ಮಗ ಫೋನಿನಲ್ಲಿ ತೋರಿಸಿದ. ಅವಳ ಅಜ್ಜ ಕಟ್ಟಿದ ಚರ್ಚು, ವೆಸ್ಟ್‌ಬೊರೊ. ಸೈನಿಕರ ಶವಸಂಸ್ಕಾರದ ಹತ್ತಿರ ದ್ವೇಷದ ಬೋರ್ಡು ಹಿಡಿದು ನಿಲ್ಲುವ ಜನ. ಅವಳು ಐದು ವರ್ಷದ ಮಗುವಿದ್ದಾಗಲೇ ಕೈಗೆ ಬೋರ್ಡು ಕೊಟ್ಟಿದ್ದರಂತೆ. ಅವಳ ಮನಸ್ಸು ಬದಲಾದದ್ದು ಟ್ವಿಟರ್‌ನಲ್ಲಿ ಗುರುತಿಲ್ಲದವರು ಸಮಾಧಾನದಿಂದ ಪ್ರಶ್ನೆ ಕೇಳಿದ್ದರಿಂದ. 2012ರ ನವೆಂಬರ್‌ನಲ್ಲಿ ತಂಗಿಯ ಜೊತೆ ಮನೆ ಬಿಟ್ಟಳು. ಅಪ್ಪ ಅಮ್ಮ ಸಂಬಂಧ ಕಡಿದುಕೊಂಡರು. ಹುಡುಗ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಆ ತಾಯಿಯ ಬಗ್ಗೆ ಮಾತ್ರ ನಾನು ಏನೂ ಕೇಳಲಿಲ್ಲ.

ಪ್ರಶ್ನೆ ಕೇಳುವುದನ್ನು ಮನೆಯಲ್ಲಿ ಮಾಡಿ ನೋಡುತ್ತೇನೆ. "ಇದು ಯಾವ ಊರಲ್ಲಿ ಆದದ್ದು? ಅಲ್ಲಿ ನಿಮಗೆ ಯಾರಾದರೂ ಗೊತ್ತಾ? ಫೋನ್ ಮಾಡೋಣವಾ?" ಹತ್ತರಲ್ಲಿ ಎಂಟು ಸಲ ಬೈಗುಳ. ಎರಡು ಸಲ ಮೌನ. ಮೌನವನ್ನು ನಾನು ಲೆಕ್ಕಕ್ಕೆ ಹಿಡಿದುಕೊಂಡಿದ್ದೇನೆ. ಕಣದಲ್ಲಿ ಮೀಟಿಂಗ್ ಇನ್ನೂ ಆಗುತ್ತದೆ. ಕಾಫಿ ಮಾಡುವುದಿಲ್ಲ ಅಂದಿದ್ದೇನೆ. ಭಾವನ ಮನೆಯಿಂದ ಫ್ಲಾಸ್ಕು ಬರುತ್ತದೆ.

ಆಸ್ತಿಯ ಮಾತು ಬಂದೇ ಬರುತ್ತದೆ, ಬೇಗ ಹೇಳಿಬಿಡುತ್ತೇನೆ. ಅವಳಿಗೆ ಒಂದು ಸೆಂಟ್ ಜಾಗವೂ ಇಲ್ಲ ಅಂತ ಭಾವ ಕೂಗಾಡಿದರು. ಸ್ವಂತ ದುಡಿಮೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ಪಿತ್ರಾರ್ಜಿತದಲ್ಲಿ ಹಾಗಲ್ಲ. ಹಿಂದೂ ಮನೆಗಳಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಗಟ್ಟಿ ಮಾಡಿತು. ಸಿಟ್ಟಿನಲ್ಲಿ ಕೂಗಿದರೆ ಹೋಗುವ ಹಕ್ಕಲ್ಲ. ನಮ್ಮ ಕಡೆ ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಬಂದ ಹಳೆಯ ಹಿಡುವಳಿಯ, ಕಾಗದ ಪತ್ರ ಬೇರೆಯೇ ತಲೆನೋವು, ಅದಕ್ಕೆ ವಕೀಲರನ್ನೇ ಕೇಳಿ. ಇದನ್ನು ಮಗಳಿಗೆ ಆಸೆ ತೋರಿಸಲು ಮಾತ್ರ ಬಳಸಬೇಡಿ.

ಪೆಟ್ಟು ತಿಂದವರು

ಮಗಳ ಹತ್ತಿರ ಕ್ಷಮೆ ಕೇಳಿದ್ದು ಅರ್ಧ. ಕೈ ಮುರಿದದ್ದು ಅವಳದ್ದಲ್ಲವಲ್ಲ.

ಪಕ್ಕದ ಮನೆ ಹುಡುಗಿಗೆ ಮದುವೆ ಮಾಡಿ ಕಳಿಸಿಬಿಟ್ಟಿದ್ದಾರೆ. ಹಬ್ಬಕ್ಕೆ ಬಂದಿದ್ದಾಗ ಬೇಲಿಯ ಹತ್ತಿರ ಹೋಗಿ ಹೇಳಿದೆ. ಕೇಳಿಸಿಕೊಂಡಳು. "ಆಯ್ತು ಆಂಟಿ" ಅಂದು ಒಳಗೆ ಹೋದಳು. ಅಷ್ಟೇ. ಮೊದಲು ಅತ್ತೆ ಅನ್ನುತ್ತಿದ್ದಳು.

ಕಾಕನ ಅಂಗಡಿಗೆ ಹೋಗಲು ಇನ್ನೂ ಜಾಸ್ತಿ ದಿನ ಬೇಕಾಯಿತು. ನನ್ನ ಪಾಲಿನ ಮೆಣಸು ಎರಡು ಮೂಟೆ ಜೀಪಿಗೆ ಹಾಕಿಸಿಕೊಂಡು ಹೋದೆ. ಮೊದಲು ಹೇಳಬೇಕಾದ್ದನ್ನು ಹೇಳಿದೆ, ಮೆಣಸು ಆಮೇಲೆ ಇಳಿಸಿದೆ. ಅವರು ಏನೂ ಹೇಳಲಿಲ್ಲ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದರು. ತೂಕ ಮಾಡಿದರು. ದುಡ್ಡು ಎಣಿಸಿ ಕೊಟ್ಟರು, ಒಂದು ರೂಪಾಯಿ ಕಡಿಮೆ ಇಲ್ಲ. ಟೀ ತರಿಸಲಿಲ್ಲ. ಹಿಂದೆ ಇಪ್ಪತ್ತು ವರ್ಷವೂ ತರಿಸುತ್ತಿದ್ದರು.

ಟೀ ಸಿಗುತ್ತದೆ ಅಂತ ಹೋಗಬೇಡಿ. ಹೋಗಿ ಬಂದದ್ದನ್ನು ಮಗುವಿಗೆ ಹೇಳಿ ಮಾರ್ಕ್ಸ್ ಕೇಳಬೇಡಿ. ಮಗಳಿಗೆ ಅದು ಆ ಹುಡುಗನಿಂದಲೇ ಗೊತ್ತಾಗಿತ್ತು.

ಭೇಟಿ

ಅವಳು ಕೇಳುವವರೆಗೆ ಭೇಟಿಯ ಮಾತು ಬೇಡ. ಕೇಳಿದ ಮೇಲೆ ಜಾಗ, ಹೊತ್ತು ಎರಡನ್ನೂ ಅವಳೇ ಹೇಳಲಿ. ಅವಳು ಹೇಳಿದ್ದು ಕುಶಾಲನಗರ. ಬೆಂಗಳೂರು ಬಸ್ಸು ಅಲ್ಲಿಗೇ ಬರುತ್ತದೆ, ಘಟ್ಟದ ಕಡೆ ಮೇಲೆ ಬರಬೇಕಾಗಿಲ್ಲ. ವಾಪಸ್ ಬಸ್ಸು ಒಂದೂವರೆ ಗಂಟೆ ಬಿಟ್ಟು ಉಂಟು ಅಂತ ಮೊದಲೇ ಹೇಳಿದ್ದಳು. ಹೋಗುವ ಹೊತ್ತು ಗೊತ್ತಿದ್ದರೆ ಇಬ್ಬರಿಗೂ ಉಸಿರಾಡಲು ಆಗುತ್ತದೆ. ಒಬ್ಬಳೇ ಹೋಗಿ. ಫೋಟೋ ತೆಗೆಯಬೇಡಿ. ನನ್ನ ವಿಷಯದಲ್ಲಂತೂ ಅದು ಹೇಳಬೇಕಾದ್ದೇ ಇಲ್ಲ. ಫೋನನ್ನು ಹೋಟೆಲಿನ ಮೇಜಿನ ಮೇಲೆ ಮಗುಚಿ ಇಟ್ಟೆ. ಅವಳು ಅದನ್ನು ನೋಡಿದಳು.

ಸಣ್ಣಗಾಗಿದ್ದಳು. ಹೇಳಲಿಲ್ಲ. ಕೂದಲು ಕತ್ತರಿಸಿಕೊಂಡಿದ್ದಳು. ಅದನ್ನೂ ಹೇಳಲಿಲ್ಲ. ಮಸಾಲೆ ದೋಸೆ ತಿಂದೆವು. ಬೆಕ್ಕಿನ ಮರಿಗಳು ಎಲ್ಲೆಲ್ಲಿ ಹೋದವು ಅಂತ ಕೇಳಿದಳು. ಆಮೇಲೆ, "ಅಪ್ಪ ಇನ್ನೂ ಅದರಲ್ಲೇ ಇದ್ದಾರಾ?"

"ಇದ್ದಾರೆ."

ತಲೆ ಆಡಿಸಿದಳು. ಅಪ್ಪನೂ ಮೊದಲಿನ ಹಾಗಿಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಇಲ್ಲಿ ತುಂಬಾ ಜನ ಎಡವುತ್ತಾರೆ, ನೋಡಿಕೊಳ್ಳಿ.

ಅವಳ ಕೋಣೆ ಹಾಗೇ ಇದೆಯಾ ಅಂತ ಕೇಳಿದಾಗ ಸುಳ್ಳು ಹೇಳಲಿಲ್ಲ. "ಇಲ್ಲ, ಮೆಣಸಿನ ಮೂಟೆ ಇಟ್ಟಿದ್ದೀವಿ. ಆರು ಮೂಟೆ."

ನಕ್ಕಳು. ನಾಲ್ಕು ವರ್ಷದಲ್ಲಿ ಮೊದಲ ಸಲ. "ಈಗ ಕಿಲೋಗೆ ಎಷ್ಟುಂಟು ಅವ್ವ?"

ಹೇಳಿದೆ. ಮನಸ್ಸಿನಲ್ಲೇ ಆರು ಮೂಟೆಯ ಲೆಕ್ಕ ಹಾಕಿದಳು. "ಹಾಗಾದರೆ ಅಲ್ಲೇ ಇರಲಿ, ತೇವ ಆಗದ ಹಾಗೆ ನೋಡ್ಕೊ" ಅಂದಳು. ಬಸ್ಸು ಹತ್ತು ನಿಮಿಷ ಮುಂಚೆಯೇ ಬಂದುಬಿಟ್ಟಿತು.